ಕಲ್ಲು ಓದೋ ಹುಡುಗಿ, ಎಣ್ಣಿ ಅಂಗಡಿ ಬೀಗರು

ಓದೋರು ತುಟಿ ಅಳ್ಳಾಡಿಸಬ್ಯಾಡ್ರಿ, ಮನಸಿನ್ಯಾಗ ಓದಕೊಳ್ರಿ. ನಮ್ಮ ಓಣಿ ಗ್ವಾಡಿ ಭಾಳ ತೆಳ್ಳಗ ಅದಾವ, ಈ ಮನ್ಯಾಗ ಒಗ್ಗರಣಿ ಹಾಕಿದ್ರ ಆ ಮನ್ಯಾಗ ಸೀನತಾರ. ಮೊದಲ ನಿಮ್ಮ ನಿಮ್ಮ ಮನಿದೇವರ ಮ್ಯಾಲ ಆಣಿ ಮಾಡ್ರಿ, ಈ ಮಾತು ಹೊರಗ ಬಿಡೂದಿಲ್ಲ ಅಂತ. ನಾನೂ ಯಾರಿಗೂ ಹೇಳಿಲ್ಲ. ಹಿಟ್ಟಿನ ಗಿರಣಿಯಾಕಿಗೆ ಹೇಳೀನಿ, ಅದು ಲೆಕ್ಕಕ್ಕಿಲ್ಲ, ಗಿರಣಿ ಸಪ್ಪಳದಾಗ ಆಕಿಗೆ ಅರ್ಧಾನೂ ಕೇಳಿಸಿರಲಿಕ್ಕಿಲ್ಲ. ಬಳಿಗಾರಾಕಿಗೆ ಹೇಳೀನಿ, ಆಕಿ ಬ್ಯಾರೆ ಊರಾಕಿ. ಹಾಲಿನಾಂವಗ ನಾ ಹೇಳಿಲ್ಲ, ಅಂವನ ಬಂದು ನನಗ ಹೇಳಿದ. ನಾ ಹಬ್ಬಿಸಿದ್ದನ್ನ ನನಗ ತಿರುಗಿ ಮಾರಾಕ ಬಂದಾನಲ್ಲ ಅಂತ ನನಗ ಸಿಟ್ಟ ಬಂತು.

ಗಂಗಾವತಿಯೊಳಗ ಅಕ್ಕಿ ಗಿರಣಿ ಹಿಂದಿನ ಓಣಿ ನಮ್ಮದು. ಇಂಥಾವು ಇಲ್ಲಿ ಆಗಕೋತನ ಇರತಾವ. ನಾ ಎಲ್ಲೂ ಹುಡಿಕ್ಯಾಡಕೋತ ಹೋಗೂದಿಲ್ಲ. ಕಟ್ಟಿ ಮ್ಯಾಲ ಎಲಿ ಅಡಕಿ ಹಾಕ್ಕೊಂಡು ಕುಂತಿರ್ತೀನಿ, ಅವ ನಡಕೋತ ಬರತಾವ.

ಕರಿ ಕೈ

ನಮ್ಮ ಬಾಜೂ ಮನ್ಯಾಗ ಗಂಡ ಹೆಂಡ್ತಿ, ಎರಡು ಹೆಣ್ಣು. ಗಂಡ ಗಿರಣ್ಯಾಗ ಚೀಲ ತೂಗತಾನ. ಮಾತು ಭಾಳ ಕಡಿಮಿ, ಮನ್ಯಾಗ ತೂಗೂ ಕೆಲಸ ಎಲ್ಲಾ ಹೆಂಡ್ತೀದು. ಸಣ್ಣಾಕಿ ಇನ್ನೂ ಸಾಲಿಗೆ ಹೋಗತಾಳ. ದೊಡ್ಡಾಕಿ ಕಾಲೇಜಿನ್ಯಾಗ ಬಿ.ಎಸ್ಸಿ. ಓದತಾಳ. ಆಕಿ ಓದಾಕತ್ತಿದ್ದು ನಮಗ್ಯಾರಿಗೂ ಮರಿಯಾಕ ಆಗಿಲ್ಲ, ಯಾಕಂದ್ರ ಅವರವ್ವ ಬದನಿಕಾಯಿ ಮಾರಾಂವಗೂ ಬಿಡೂದಿಲ್ಲ. "ಹುಳಕಿಲ್ದಂಗ ನೋಡಿ ಹಾಕಪಾ, ನಮ್ಮ ಹುಡುಗಿ ಸೈನ್ಸ್ ಓದತಾಳ" ಅಂತಾಳ.

ಒಂದು ಸಂಜಿಕ ಆ ಹುಡುಗಿ ಬಸ್ಸಿಳಿದು ಬಂದ್ಲು. ದುಪಟ್ಟಾದಾಗ ಎರಡೂ ಕೈ ಮುಚ್ಚಿಕೊಂಡಾಳ. ಕೈ ಮುಚ್ಚಿಕೊಂಡು ಬರೋ ಹುಡುಗೀನ ನಾ ಹಂಗ ಬಿಡಾಕಿ ಅಲ್ಲ.

"ಏನವಾ ಕೈಯಾಗ?"

"ಏನಿಲ್ಲ ಆಯಿ."

ಏನಿಲ್ಲ ಅಂದ್ರ ಏನೋ ಐತಿ. ದುಪಟ್ಟಾ ಜಗ್ಗಿದೆ. ಮೊಣಕೈ ತನಕ ಕರ್ರಗ. ಟ್ರ್ಯಾಕ್ಟರ್ ರಿಪೇರಿ ಮಾಡೋರ ಕೈನೂ ಅಷ್ಟು ಕರ್ರಗ ಇರೂದಿಲ್ಲ.

"ಕಾಲೇಜಿನ್ಯಾಗ ಇದ್ದಲಿ ತೂಗಾಕ ಹಚ್ಯಾರೇನು?" ಅಂದೆ. ಹುಡುಗಿ ನಕ್ಕೋತ ಒಳಗ ಹೋದ್ಲು. ಒಳಗ ಅವರವ್ವನ ಬಾಯಿ ಸುರು ಆತು. ನಾ ಒಂದು ಬಟ್ಟಲಾ ಹಿಡಕೊಂಡು ಬೆಲ್ಲಾ ಕೇಳಾಕ ಹೋದೆ. ನಮ್ಮ ಮನ್ಯಾಗ ಬೆಲ್ಲಾ ಇತ್ತು, ಆದ್ರ ಅದು ನಮ್ಮ ಮನಿ ಬೆಲ್ಲಾ.

ಬಚ್ಚಲದಾಗ ತಾಯಿ ಮಗಳ ಕೈಗೆ ಹುಣಸಿಹಣ್ಣು ಹಚ್ಚಿ ತಿಕ್ಕಾಕತ್ತಿದ್ಲು, ತಾಮ್ರದ ಕೊಡ ಬೆಳಗಿದಂಗ. ನನ್ನ ನೋಡಿದಾಕಿನ ಬಾಗಲಾ ಹಾಕಿ, ನನ್ನ ಕೈ ಹಿಡದು ಕುಂದ್ರಿಸಿ, ಕಣ್ಣಿಗೆ ಸೆರಗು ಹಚ್ಚಿದ್ಲು.

"ದೊಡ್ಡವ್ವ, ನಿನ್ನ ಕಾಲ ಬೀಳತೀನಿ, ಯಾರಿಗೂ ಹೇಳಬ್ಯಾಡ. ಹುಡುಗಿ ಕೆಮಿಸ್ಟ್ರಿ ಜೋಡಿ ಇನ್ನೊಂದು ಇಟಗೊಂಡಾಳ."

ನನ್ನ ಎದಿ ಧಸಕ್ ಅಂತು. ಸಂತೋಷಕ್ಕ.

"ಯಾರನ್ನ?"

"ಯಾರನ್ನಲ್ಲ ದೊಡ್ಡವ್ವ. ಹಿಸ್ಟರಿ."

ಆಮ್ಯಾಲ ಬಿಡಿಸಿ ಹೇಳಿದ್ಲು. ಈಗಿನ ಕಾಲೇಜಿನ್ಯಾಗ ಒಂದು ದೊಡ್ಡ ವಿಷಯ ಇರತೈತಂತ, ಅದರ ಬಗಲಾಗ ಬ್ಯಾರೆ ಕಡೇದ್ದು ಒಂದು ಸಣ್ಣ ವಿಷಯ ಓದಬೇಕಂತ. ಅದಕ್ಕ ಮೈನರ್ ಅಂತಾರಂತ. ಉಳಿದ ಹುಡುಗ್ಯಾರು ಕಂಪ್ಯೂಟರ್ ತೊಗೊಂಡ್ರ ಈಕಿ ಹಿಸ್ಟರಿ ತೊಗೊಂಡಾಳ.

"ಯಾರರ ಒತ್ತಾಯ ಮಾಡಿದ್ರೇನು?"

"ಇಲ್ಲ. ತಾನ ಇಷ್ಟಪಟ್ಟು ತೊಗೊಂಡಾಳ."

"ಎಷ್ಟು ದಿನದಿಂದ ನಡದೈತಿ?"

"ವರ್ಷದ ಮ್ಯಾಲಾತು."

"ನಿನ್ನ ಗಂಡಗ ಗೊತ್ತೈತೇನು?"

"ಗೊತ್ತಾದ್ರ ನಾ ಉಳಿತೀನೇನು?"

ಆ ಕರಿ ಏನಂದ್ರ ಮಸಿ ಅಂತ. ಹಳೇ ಕಾಲದ ಅಕ್ಷರ ಕೆತ್ತಿದ ಕಲ್ಲು ಇರತಾವಲ್ಲ, ಅವನ್ನ ತಿಕ್ಕಿ ತೊಳದು, ಹಸಿ ಕಾಗದಾ ಅಂಟಿಸಿ, ಬ್ರಷ್‌ಲೆ ಬಡದು, ಮ್ಯಾಲ ಮಸಿ ಒತ್ತಬೇಕಂತ. ಆಗ ಕಲ್ಲಿನ ಅಕ್ಷರ ಕಾಗದದ ಮ್ಯಾಲ ಏಳತಾವಂತ. ಹಿಸ್ಟರಿ ಮಾಸ್ತರ್ರು ಕೊಪ್ಪಳದಿಂದ ದಿನಾ ಬಸ್ಸಿಗೆ ಬರತಾರ, ಅವರು ಹುಡುಗರನ್ನ ಕರಕೊಂಡು ಹೊಲಾ ಹೊಲಾ ತಿರಗತಾರಂತ.

"ಊರ ಮಂದಿ ಹೊಲದಾಗಿನ ಕಲ್ಲೆಲ್ಲಾ ತೊಳದು ಬರತಾಳ ದೊಡ್ಡವ್ವ" ಅಂತ ತಾಯಿ ಅತ್ಲು, "ಮನ್ಯಾಗ ಒಂದು ಚಾದ ಬಟ್ಟಲಾ ತೊಳಿಯೂದಿಲ್ಲ."

ಲೈಸೆನ್ಸ್ ಸೊಸಿ

ಆಕಿ ಅಳೂದಕ್ಕ ಕಾರಣ ಇತ್ತು. ಹುಡುಗಿಗೆ ಕುಷ್ಟಗಿಯಿಂದ ಒಂದು ಸಂಬಂಧ ಬಂದಿತ್ತು. ಗಂಡಿನ ಮನಿಯವರದು ಗೊಬ್ಬರ ಅಂಗಡಿ, ಅದರ ಜೋಡಿ ಬೆಳಿಗೆ ಹೊಡಿಯೋ ಔಷಧದ ವ್ಯಾಪಾರ. ನಮ್ಮ ಕಡೆ ರೈತರು ಅದಕ್ಕ ಎಣ್ಣಿ ಅಂತಾರ, ಹುಳದ ಎಣ್ಣಿ. ಈಗ ಆ ಎಣ್ಣಿ ಮಾರಬೇಕಂದ್ರ ಅಂಗಡ್ಯಾಗ ಕೆಮಿಸ್ಟ್ರಿ ಓದಿದವರು ಒಬ್ಬರ ಇರಬೇಕಂತ, ಇಲ್ಲಾಂದ್ರ ಲೈಸೆನ್ಸ್ ಇಲ್ಲ. ಹುಡುಗ ಪಿಯುಸಿಗೆ ಹೋಗಿ ಬಂದಾಂವ. ಪಾಸಾದನೋ ಅಂತ ನಾ ಕೇಳಿದೆ, ಹೋಗಿ ಬಂದಾನ ಅಂತನ ಅಂದ್ರು.

ಆ ಮನ್ಯಾಗ ಹುಡುಗನ ಕಾಕಾಂದ ಕಾರಭಾರ. ಮೀಸಿ ದೊಡ್ಡದು, ಲೆಕ್ಕಾಚಾರ ಅದಕ್ಕಿಂತ ದೊಡ್ಡದು. ಅಂವ ಮಧ್ಯಸ್ತಗಾರರ ಮುಂದ ಏನಂದಿದ್ದ ಗೊತ್ತೇನು? "ಬ್ಯಾರೆಯವರ ಸರ್ಟಿಫಿಕೇಟ ತಂದು ಗ್ವಾಡಿಗೆ ಹಾಕೂದ್ಕಿಂತ ಮನೀದ ಒಂದು ಸರ್ಟಿಫಿಕೇಟ ಇದ್ರ ಛಲೋ. ಅಡಗಿನೂ ಮಾಡತೈತಿ."

ಅದಕ್ಕ ಅವರಿಗೆ ಕೆಮಿಸ್ಟ್ರಿ ಸೊಸಿ ಬೇಕಾಗಿತ್ತು. ಫೋನ್ ಮಾಡಿ ಕಾಕಾ ಕೇಳತಿದ್ದ, "ಹುಡುಗಿ ಶುದ್ಧ ಕೆಮಿಸ್ಟ್ರಿ ಹೌದಲ್ರಿ? ನಡುವ ಏನೂ ಕೂಡಿಲ್ಲಲ್ರಿ?" ಈಕಿ ತುಪ್ಪಾ ಮಾರೋರ ಗತೆ, "ಶುದ್ಧ ಅದಾಳ್ರಿ, ಏನೂ ಕೂಡಿಲ್ಲ" ಅಂತಿದ್ಲು. ಈಗ ಹಿಸ್ಟರಿ ಕೂಡೇತಿ ಅಂತ ಗೊತ್ತಾದ್ರ ಕಲಬೆರಕಿ ಅಂತ ಬಿಟ್ಟು ಹೋಗ್ತಾರ. ಒಳ್ಳೆ ಮನಿತನ, ಪ್ಯಾಟ್ಯಾಗ ಅಂಗಡಿ, ಮಗಳು ನೆರಳಾಗ ಕುಂದ್ರತಾಳ ಅಂತ ತಾಯಿ ಜೀವ ಅದರಾಗ ಇಟ್ಟಿದ್ಲು.

ಹುಡುಗಿ ಜೀವ ಬ್ಯಾರೆ ಕಡೆ ಇತ್ತು. ಈ ಸಣ್ಣ ವಿಷಯ ಛಲೋ ಪಾಸಾದ್ರ ಮುಂದ ಅದರಾಗನ ಎಂ.ಎ. ಮಾಡಾಕ ಬರತೈತಿ, ಕಲ್ಲು ಓದೂದನ್ನ ಪೂರಾ ಕಲೀತೀನಿ ಅಂತ ಹಟ ಹಿಡದಿದ್ಲು. ಒಂದಿನ ಗ್ವಾಡಿ ಆಚಿಂದ ನನಗ ಸ್ಪಷ್ಟ ಕೇಳಿಸ್ತು.

"ಯವ್ವಾ, ನಾ ಅಂಗಡಿ ಗ್ವಾಡಿಗೆ ಫ್ರೇಮ್ ಹಾಕಿಸಿಕೊಂಡು ಜೋತಾಡಾಕಿ ಅಲ್ಲ."

"ಜೋತಾಡೂದು ನಿನ್ನ ಸರ್ಟಿಫಿಕೇಟ. ನೀ ಅಡಗಿಮನ್ಯಾಗ ಇರ್ತಿ. ಎರಡಕ್ಕೂ ಸಂಬಂಧನ ಇಲ್ಲ."

ಪೂಜಿ ಕಲ್ಲು

ಇದು ನಮ್ಮ ಓಣಿ ತುದಿ ಮನಿ ಹುಡುಗಿ ಹೇಳಿದ್ದು, ಆಕಿನೂ ಅದ ಕಾಲೇಜು, ಜೋಡಿ ಹೋಗಿದ್ಲು. ಹೇಳೂ ಮುಂದ ಆಕಿ ನೆಲಾ ನೋಡಾಕತ್ತಿದ್ಲು, ನಾ ಆಕಿ ಬಾಯಿ ನೋಡಾಕತ್ತಿದ್ದೆ.

ಮರಳಿ ಅನ್ನೋ ಊರ ಕಡೆ ಕಾಲುವಿ ದಂಡಿಗೆ ಒಂದು ಭತ್ತದ ಗದ್ದಿ. ಗದ್ದಿ ಬದುವಿನ ಮ್ಯಾಲ ಒಂದು ಕಲ್ಲು. ಅಜ್ಜನ ಕಾಲದಿಂದ ಆ ಮನಿಯವರು ಅದಕ್ಕ ಎಣ್ಣಿ ಹಾಕಿ, ಅರಿಷಿಣ ಕುಂಕುಮ ಹಚ್ಚಿ, ಅಮಾಸಿಗೆ ಕಾಯಿ ಒಡಕೋತ ಬಂದಾರ. ಇದು ಎಣ್ಣಿ ಅಂದ್ರ ದೀಪದ ಎಣ್ಣಿ ಮತ್ತ. ಮಕ್ಕಳಾಗದ ಸೊಸ್ಯಾರು ಸುತ್ತು ಹಾಕತಾರ. ಹಚ್ಚಿ ಹಚ್ಚಿ ಒಳಗಿನ ಚಿತ್ರ ಯಾವ ದೇವರದು ಅಂತ ಯಾರಿಗೂ ಗೊತ್ತಿಲ್ಲ. ಮಾಸ್ತರ್ರು ಹೋಗಿ, ತೊಳೀತೀವ್ರಿ, ಒಳಗ ಅಕ್ಷರ ಇರಬೇಕು ಅಂದ್ರು. ರೈತ, "ದೇವರ ಮೈ ತೊಳಿಯಾಕ ಯಾರ ಬ್ಯಾಡಂತಾರ್ರಿ" ಅಂತ ತಾನ ನೀರು ತಂದು ಕೊಟ್ಟ. ಅವರವ್ವ ಮುದುಕಿ ಆರತಿ ತಾಟು ಹಿಡಕೊಂಡು ಬಂದು ನಿಂತ್ಲು.

ಹುಡುಗ್ಯಾರು ತಿಕ್ಕಿದ್ರು. ಮ್ಯಾಲ ಸೂರ್ಯ ಚಂದ್ರ ಕಂಡ್ವು, ಮುದುಕಿ ಕೈ ಮುಗದ್ಲು. ನಡುವ ಅಕ್ಷರ ಕಂಡ್ವು, ಮಾಸ್ತರ್ರ ಮಾರಿ ಅರಳಿತು. ಇನ್ನೂ ಕೆಳಗ ತಿಕ್ಕಿದ್ರು. ಕೆಳಗ ಒಂದು ಕತ್ತೆ ಇತ್ತು. ಕತ್ತೆ ಒಂಟಿ ಇರಲಿಲ್ಲ. ಇಷ್ಟ ಬರೀತೀನಿ, ಉಳಿದದ್ದು ನೀವು ತಿಳದವರು. ಹುಡುಗ್ಯಾರು ಆಕಾಶಾ ನೋಡಾಕ ಹತ್ತಿದ್ರಂತ. ಮಾಸ್ತರ್ರು ಕನ್ನಡಕ ತಗದು ಒರಸಾಕ ಹತ್ತಿದವರು ಭಾಳ ಹೊತ್ತು ಒರಿಸಿದ್ರಂತ.

ಮುದುಕಿ ಬಗ್ಗಿ ನೋಡಿದ್ಲು. "ಇದ್ಯಾವ ದೇವರೋ ಯಪ್ಪಾ?"

ಮಾಸ್ತರ್ರು ಕನ್ನಡಕ ಏರಿಸಿಕೊಂಡು ಹೇಳಿದ್ರು, "ದೇವರಲ್ಲ ಅಮ್ಮಾರ, ಶಾಪದ ಕಲ್ಲು. ದಾನ ಕೊಟ್ಟ ಹೊಲಾ ಯಾರು ಕಸಗೊಂತಾರೋ ಅವರ ಮನಿತನಕ್ಕ ಹಿಂಗ ಆಗಲಿ ಅಂತ ಹಿಂದಿನವರು ಕೆತ್ತಿಸಿ ಇಡತಿದ್ರು. ಓದಾಕ ಬರದವರಿಗೂ ತಿಳೀಲಿ ಅಂತ ಚಿತ್ರ."

ರೈತ ತಲಿ ಕೆರಕೊಂಡ. ಇಷ್ಟು ವರ್ಷದ ಪೂಜಿ ಒಮ್ಮಿಗೆಲೆ ಬಿಡಾಕ ಬರತೈತೇನು?

"ಅದಿರ್ಲಿ ಸರ್ರ" ಅಂದನಂತ, "ಇನ್ನ ಮುಂದ ಎಡಿ ಏನ್ ಹಿಡೀಬೇಕ್ರಿ? ಹೋಳಿಗಿ ಹಿಡಿಯೂದೋ, ಹುಲ್ಲು ಹಿಡಿಯೂದೋ?"

ಹನ್ನೆರಡು ಕಿಲೋಮೀಟರ್

ನಮ್ಮ ಸೀಮಿಯೊಳಗ ಯಾರರ ಹಳೇ ಕಲ್ಲಿನ ಮುಂದ ಕುಂತ್ರ ಮಂದಿ ಕುಂತವರನ್ನ ನೋಡೂದಿಲ್ಲ, ಎಲ್ಲಿ ಅಗದಾರ ಅಂತ ತಗ್ಗು ನೋಡತಾರ. ಹಂಪಿ ಕಡೆಯಿಂದ ಇಲ್ಲೀತನಕ ಎಲ್ಲಾರಿಗೂ ತಮ್ಮ ತಮ್ಮ ಹೊಲದಾಗ ಒಂದು ಹಂಡೆ ಬಂಗಾರ ಐತಿ ಅಂತ ಗಟ್ಟಿ ನಂಬಿಗಿ. ಸಿಗೂದಷ್ಟ ಬಾಕಿ. ಹಿಂಗಾಗಿ ಗಂಗಾವತ್ಯಾಗ ಒಬ್ಬಾಕಿ ಹುಡುಗಿ ಕಲ್ಲು ಓದತಾಳ ಅನ್ನೋ ಸುದ್ದಿ ಹಬ್ಬಿತು. ಯಾರ ಹಬ್ಬಿಸಿದ್ರೋ ಏನೋ. ನಾ ಹಿಟ್ಟಿನ ಗಿರಣ್ಯಾಗ ಅಷ್ಟ ಅಂದಿದ್ದೆ.

ಮಂದಿ ಬರಾಕ ಸುರು ಆದ್ರು. ಒಬ್ಬ ಫೋನಿನ್ಯಾಗ ಫೋಟೋ ತಂದ. ಒಬ್ಬಾಕಿ ತಮ್ಮತ್ತಿ ಕಾಲದ ಒಳಕಲ್ಲಿನ ಗುಂಡು ಸೀರ್ಯಾಗ ಸುತ್ತಿಕೊಂಡು ತಂದ್ಲು, ಇದು ತಿರುಗೂ ಮುಂದ ಏನೋ ಅಂತೈತಿ, ಏನಂತೈತಿ ನೋಡವಾ ಅಂತ. ಯಲಬುರ್ಗಾ ಕಡೆಯಿಂದ ಒಬ್ಬ ರುಮಾಲಿನ ಯಜಮಾನ ಟಂಟಂ ಗಾಡಿಯೊಳಗ ಒಂದು ದಪ್ಪ ಕಲ್ಲನ್ನ, ಮ್ಯಾಲ ಕಂಬಳಿ ಹೊಚ್ಚಿ, ಬಾಣಂತಿ ಕರಕೊಂಡು ಬಂದಂಗ ಕರಕೊಂಡು ಬಂದ. ನಾಕು ಮಂದಿ ಇಳಿಸಿ ಬಾಜೂ ಮನಿ ಬಾಗಲದಾಗ ನಿಂದರಿಸಿದ್ರು.

ಅಷ್ಟೊತ್ತಿಗೆ ಗಿರಣಿಯಿಂದ ಗಂಡ ಉಣ್ಣಾಕ ಬಂದ. ಬಾಗಲದಾಗ ಕಲ್ಲು. ಹೆಂಡ್ತಿ ಮಾರಿ ನೋಡಿದ.

"ಏನಿದು?"

"ಕೆಮಿಸ್ಟ್ರಿ ಕಲ್ಲು" ಅಂದ್ಲು ಹೆಂಡ್ತಿ.

ಅಂವ ಕಲ್ಲು ಸುತ್ತು ಹಾಕಿ ಒಳಗ ಹೋಗಿ ಉಣ್ಣಾಕ ಕುಂತ. ತೂಕದ ಮನಿಷಾ, ಅಷ್ಟ ಕೇಳಿದ, "ಎಷ್ಟು ಕೆ.ಜಿ. ಇರಬೇಕು?"

ಹುಡುಗಿ ಹೊರಗ ಬಂದು ಕಂಬಳಿ ತಗದ್ಲು, ನೋಡಿದ್ಲು, ತುಟಿ ಕಚ್ಚಿ ನಗು ತಡಕೊಂಡ್ಲು. "ಯಜಮಾನ್ರ, ಇದು ರಸ್ತೆ ಬಾಜೂದ್ದು ಕಲ್ಲು. ಬಣ್ಣ ಹೋಗೇತಿ. ಯಲಬುರ್ಗಾ, ಹನ್ನೆರಡು ಕಿಲೋಮೀಟರ್ ಅಂತ ಬರದೈತಿ."

ಯಜಮಾನ ರುಮಾಲು ಸರಿ ಮಾಡಿಕೊಂಡ. ಜೋಡಿ ಬಂದವರ ಮಾರಿ ನೋಡಿದ. ಆಮ್ಯಾಲ ದನಿ ಸಣ್ಣ ಮಾಡಿ ಅಂದ, "ಹನ್ನೆರಡು ಕಿಲೋಮೀಟರ್ ಆಳಾನಾ? ಹಂಗಾರ ಗುದ್ದಲಿಲೆ ಆಗೂ ಮಾತಲ್ಲ. ಜೆಸಿಬಿನ ತರಸಬೇಕು."

ಬಾಡಿಗಿ ಮನಿ ಕೇಳಾಕ ಬಂದಾಕಿ

ನಮ್ಮಲ್ಲಿ ಹೆಣ್ಣು ನೋಡಾಕ ಬರೂ ಮೊದಲ ಗಂಡಿನ ಕಡೆಯಿಂದ ಯಾರರ ಒಬ್ಬರು ಸುಳ್ಳು ನೆವ ಹೇಳಿಕೊಂಡು ಆ ಓಣಿಗೆ ಬಂದು ಹುಡುಗಿ ಗುಣಾ ವಿಚಾರಿಸಿ ಹೋಗೂದು ಪದ್ಧತಿ. ಎಮ್ಮಿ ಮಾರಾಕ ಐತೇನ್ರಿ ಅಂತ ಬರತಾರ, ಬಾಡಿಗಿ ಮನಿ ಐತೇನ್ರಿ ಅಂತ ಬರತಾರ. ನಮಗೂ ಗೊತ್ತು, ಅವರಿಗೂ ನಮಗ ಗೊತ್ತಂತ ಗೊತ್ತು. ಅಂಥಾವರನ್ನ ಓಣಿಯವರು ನೆಟ್ಟಗ ನನ್ನ ಕಟ್ಟಿಗೆ ಕಳಸತಾರ. ಈ ಓಣಿಯ ಎಷ್ಟೋ ಸಂಸಾರ ನನ್ನ ನಾಲಿಗಿ ಮ್ಯಾಲ ಕುಂತಾವ, ಅವರು ಅದನ್ನ ನೆನಸೂದಿಲ್ಲ, ಅದು ಬ್ಯಾರೆ ಮಾತು.

ಕುಷ್ಟಗಿಯವರು ಬರತಾರ ಅನ್ನೂದ್ರಾಗ ಬಾಜೂ ಮನ್ಯಾಕಿ ಶೇಂಗಾ ಹೋಳಿಗಿ ಮಾಡಿ, ತುಪ್ಪಾ ಹಾಕ್ಕೊಂಡು ತಂದ್ಲು. "ದೊಡ್ಡವ್ವ, ನನ್ನ ಮಗಳ ನಶೀಬ ನಿನ್ನ ಬಾಯಾಗ ಐತಿ. ಹಿಸ್ಟರಿ ಅನ್ನೋ ಶಬ್ದ ಹೊರಗ ಬರಬಾರದು." ಬಾಯಾಗ ಹೋಳಿಗಿ ಇತ್ತು, ತಲಿ ಅಳ್ಳಾಡಿಸಿದೆ.

ಆಕಿ ಹೋದ ಮ್ಯಾಲ ಮಗಳು ಬಂದ್ಲು. ಖಾಲಿ ಕೈಲೆ ಬಂದ್ಲು.

"ಆಯಿ, ಅವರು ಕೇಳಿದ್ರ ಖರೇ ಹೇಳು. ಹಿಸ್ಟರಿ ಓದತಾಳ, ಮುಂದೂ ಅದನ್ನ ಓದಾಕಿ, ಅಂಗಡ್ಯಾಗ ಕುಂದ್ರಾಕಿ ಅಲ್ಲ. ಇಷ್ಟ ಹೇಳು. ಒಂದು ಮಾತು ಜಾಸ್ತಿ ಕೂಡಸಬ್ಯಾಡ."

"ಕೂಡಸದನ ಹೇಳಾಕ ನಾ ಏನು ರೇಡಿಯೋ ಏನು?"

"ಆಯಿ, ನನ್ನ ಓದು ನಿಂದರತೈತಿ."

ಹುಡುಗಿ ಕಣ್ಣಾಗ ನೀರಿತ್ತು. ನನಗ ಎರಡೂ ಕಡೆ ಸಂಕಟ. ಹೊಟ್ಯಾಗ ತಾಯಿ ಹೋಳಿಗಿ, ಎದುರಿಗೆ ಮಗಳ ಕಣ್ಣು.

ಮರುದಿನ ಹುಡುಗನ ಅತ್ತಿ ಬಂದ್ಲು. ಬಾಡಿಗಿ ಮನಿ ಬೇಕಾಗಿತ್ತ್ರಿ ಅಂದ್ಲು. ಮನಿ ಕಡೆ ಒಮ್ಮೆನೂ ಹೊಳ್ಳಿ ನೋಡಲಿಲ್ಲ. ಚಾ ಮಾಡಿ ಕೊಟ್ಟೆ. ಚಾ ಬಿಸಿ ಇರೂ ತನಕ ತಾಯಿಗೆ ಕೊಟ್ಟ ಮಾತು ನಡಿಸಿದೆ. ಚಾ ಆರಿತು.

"ಬಾಜೂ ಮನಿ ಹುಡುಗಿ ಹೆಂಗ್ರಿ?"

"ಬಂಗಾರದಂಥಾ ಹುಡುಗಿ. ಆದ್ರ ಕೆಮಿಸ್ಟ್ರಿ ಜೋಡಿ ಹಿಸ್ಟರಿನೂ ಓದತಾಳ್ರಿ. ಮುಂದ ಅದನ್ನ ಓದಾಕೆಂತ, ಅಂಗಡ್ಯಾಗ ಕುಂದ್ರಾಕಿ ಅಲ್ಲಂತ."

ಆಕಿ ಮಾರಿ ಬಾಡಿಹೋತು. "ಅಯ್ಯ, ಹಂಗಾರ ಕಲಬೆರಕಿ ಐತೇನ್ರಿ?"

ಹುಡುಗಿ ಹೇಳಿದಷ್ಟು ಹೇಳಿದ್ದೆ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಆದ್ರ ನಮ್ಮ ಓಣಿ ಹುಡುಗಿಗೆ ಬ್ಯಾರೆ ಊರಾಕಿ ಬಂದು ಕಲಬೆರಕಿ ಅಂದ್ರ ನಾ ಸುಮ್ಮನಿರಾಕ ಆಕೈತೇನು?

"ಕಲಬೆರಕಿ ಅಂದ್ರ ಅಂಥಾ ಇಂಥಾದ್ದಲ್ಲ" ಅಂದೆ. "ಕಲ್ಲು ಮುಟ್ಟಿದ್ಲಂದ್ರ ಒಳಗಿಂದು ಹೇಳತಾಳ. ಮರಳ್ಯಾಗ ದೇವರ ಬಂಡವಾಳ ಬಯಲ ಮಾಡ್ಯಾಳ. ಯಲಬುರ್ಗಾದಿಂದ ಗಾಡಿ ಹೂಡಿಕೊಂಡು ಬರತಾರ. ಮೊನ್ನಿ ಒಬ್ಬ ಯಜಮಾನಗ ಕಲ್ಲು ನೋಡಿದಾಕಿನ ಕಿಲೋಮೀಟರ್ ಸುದ್ದಾ ಹೇಳಿದ್ಲು. ಅಂವ ಜೆಸಿಬಿ ತರಸಾಕತ್ತಾನ."

ನೋಡ್ರಿ, ಇದರಾಗ ಒಂದು ಸುಳ್ಳು ಮಾತು ಇದ್ರ ತೋರಸ್ರಿ. ಆ ಅತ್ತಿ ಚಾದ ಬಟ್ಟಲಾ ಅಲ್ಲೇ ಇಟ್ಟು ಎದ್ದ್ಲು.

"ಯಾಕ್ರಿ, ಬಾಡಿಗಿ ಮನಿ ನೋಡೂದಿಲ್ಲೇನು?"

"ಬಾಡಿಗಿ ಯಾಕ್ರಿ" ಅಂದ್ಲು ಚಪ್ಪಲಿ ಮೆಟಗೋತ, "ಹಿಂಗಾದ್ರ ಸ್ವಂತದ್ದ ಕಟ್ಟಿಸಿದ್ರಾತು."

ಹಣ್ಣಿನ ಬುಟ್ಟಿ ಜೋಡಿ ಹಾರಿ

ಎರಡು ದಿನ ಬಿಟ್ಟು ಎರಡು ಜೀಪು ಬಂದು ನಿಂತ್ವು. ಮುಂದಿನ ಜೀಪಿನ್ಯಾಗ ಹಣ್ಣು, ಕಾಯಿ, ಸೀರಿ. ಹಿಂದಿನದ್ರಾಗ ಹಾರಿ, ಗುದ್ದಲಿ, ತಾಡಪಾಲ, ಒಂದು ಬುಟ್ಟಿ ನಿಂಬಿಹಣ್ಣು. ಹಾರಿ ತೊಗೊಂಡು ಹೆಣ್ಣು ನೋಡಾಕ ಬಂದವರನ್ನ ನಾ ಅವತ್ತ ಮೊದಲ ನೋಡಿದ್ದು. ನಮ್ಮ ಬಾಜೂ ಮನ್ಯಾಕಿ ಹೆದರಕೋತ, "ಅದು, ಹುಡುಗಿ ಸ್ವಲ್ಪ ಹಿಸ್ಟರಿ" ಅಂತ ತೊದಲಿದ್ಲು. ಗಂಡ ಬಾಗಲದಾಗ ನಿಂತು ಅವತ್ತ ಆ ಶಬ್ದ ಮೊದಲನೇ ಸಲ ಕೇಳಿದ. ಕಾಕಾ ಕೈ ಎತ್ತಿದ. "ಅದನ್ನ ಕೇಳೇ ಬಂದೀವಿ ತಂಗಿ. ಲೈಸೆನ್ಸ್ ಹಾಳಾಗಿ ಹೋಗಲಿ. ನಮಗ ಹಿಸ್ಟರಿನ ಬೇಕು."

ಅವರ ಹೊಲದಾಗ ಭಾವಿ ಬಾಜೂ ಒಂದು ಅಕ್ಷರದ ಕಲ್ಲು ಐತಂತ. ಮದುವಿ ಮಾತಿಗೆ ಮೊದಲ ಸೊಸಿ ಆಗಾಕಿ ಆ ಹೊಲಕ್ಕ ಬಂದು ಪಾದ ಇಡಬೇಕು, ಕಲ್ಲು ಮುಟ್ಟಬೇಕು, ಹಂಗ ಅವರ ಮನಿ ಪದ್ಧತಿ ಅಂತ. ಇಷ್ಟು ಮದುವಿ ಉಂಡೀನಿ, ಅಂಥಾ ಪದ್ಧತಿ ನಾ ಕೇಳಿಲ್ಲ. ಹುಡುಗಿ ಮಾರಿ ಒಮ್ಮೆ ಬಿಳಚಿಕೊಂಡ್ತು. ತಾನ ಖರೇ ಹೇಳಿಸಿ ತಾನ ಸಿಕ್ಕೊಂಡಿದ್ಲು. ನನ್ನ ಕಡೆ ಒಂದು ನೋಟಾ ನೋಡಿದ್ಲು, ನಾ ಎಲಿಗೆ ಸುಣ್ಣ ಹಚ್ಚಾಕ ಹತ್ತಿದೆ.

ಆಮ್ಯಾಲ ಆಕಿ ಅಂದ್ಲು, "ಬರ್ತೀನಿ. ನಮ್ಮ ಮಾಸ್ತರ್ರೂ ಬರಲಿ. ಓದೋ ಮುಂದ ಹೊಲದವರೆಲ್ಲಾ ನಿಂತು ಕೇಳಬೇಕು."

ಕಾಕಾ ಕಬೂಲ ಅಂದ. ಹೆಣ್ಣಿನ ಕಡೆಯಿಂದ ಹಿರೇರು ಒಬ್ಬರ ಬೇಕಲ್ಲ ಅಂತ, ಯಾರೂ ಕರಿಯೂ ಮೊದಲ ನಾ ಜೀಪಿನ್ಯಾಗ ಕುಂತಿದ್ದೆ.

ಹೊಲಕ್ಕ ಹೋದ್ವಿ. ಹಾರಿ ಗುದ್ದಲಿ ಮುಚ್ಚಿಟ್ಟರ ಮುಚ್ಚತಾವೇನು? ಸುತ್ತಲ ಹೊಲದವರೆಲ್ಲಾ ಕೆಲಸಾ ಬಿಟ್ಟು ಬಂದು ನಿಂತಿದ್ರು. ಹುಡುಗಿ ಸೆರಗು ಸಿಗಿಸಿ ಕಲ್ಲು ತೊಳದ್ಲು, ಹಸಿ ಕಾಗದಾ ಹಚ್ಚಿದ್ಲು, ಬ್ರಷ್‌ಲೆ ಬಡದ್ಲು, ಮಸಿ ಒತ್ತಿದ್ಲು. ಒಂದೊಂದ ಅಕ್ಷರ ಎದ್ದ್ವು. ಹಾಡಾಹಗಲ ನೆಲದಾಗಿಂದ ಯಾರೋ ಎದ್ದು ಬಂದಂಗ. ನಾನೂ ಅಷ್ಟೊತ್ತು ಸುಮ್ಮನ ನಿಂತಿದ್ದೆ ಅಂದ್ರ ನೀವು ನಂಬೂದಿಲ್ಲ.

ಆಕಿ, ಮಾಸ್ತರ್ರು ತಲಿ ಕೂಡಿಸಿ ಗುಸುಗುಸು ಮಾತಾಡಿದ್ರು. ಕಾಕಾ ತಡೀಲಾರದ, "ಎಲ್ಲಿ ಅಗೀಬೇಕು, ಅಷ್ಟ ಹೇಳವಾ" ಅಂದ.

"ಅಗಿಯೂ ಮಾತು ಇಲ್ರಿ ಇದರಾಗ" ಅಂತ ಹುಡುಗಿ ಗಟ್ಟಿಯಾಗಿ ಓದಿದ್ಲು. "ಈ ಗುಡ್ಡದಿಂದ ಆ ಹಳ್ಳದ ತನಕ ಇರೋ ಈ ಹೊಲಾ ಊರ ಕೆರಿ ಹೂಳು ತಗಸೂ ಖರ್ಚಿಗೆ ಬಿಟ್ಟದ್ದು. ಇದನ್ನ ತನ್ನದು ಅಂತ ಕಸಗೊಂಡಾಂವ ಅರವತ್ತು ಸಾವಿರ ವರ್ಷ ಹೇಲಾಗ ಹುಳ ಆಗಿ ಹುಟ್ಟಲಿ."

ಊರ ಕೆರಿ ಹೂಳು ತುಂಬಿ ಆಡೂ ಬಯಲಾಗೇತಿ, ಅದರ ಹೊಲಾ ಎಲ್ಲಿ ಹೋತು ಅಂತ ಆ ಊರವರು ಯಾರೂ ಕೇಳಿದ್ದಿಲ್ಲ. ಈಗ ಎಲ್ಲಾರೂ ಕಾಕಾನ ಮಾರಿ ನೋಡಾಕ ಹತ್ತಿದ್ರು. ಹಿಂದಿನಿಂದ ಒಬ್ಬ ಮುದುಕ ಸಾವಕಾಶ ಕೇಳಿದ.

"ಯಾವ ಹುಳ ಅಂದಿ ತಂಗಿ?"

"ಹೇಲಾಗಿನ ಹುಳ ಯಜ್ಜಾ."

"ಹುಳದ ಎಣ್ಣಿ ಮಾರೋರ ಮನ್ಯಾಗ?"

ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಹೊಲಕ್ಕ ಹೊಲಾನ ನಗಾಕ ಹತ್ತಿತು. ಹುಡುಗ, ಅಂದ್ರ ಮದುವಿ ಗಂಡು, ಮುಂಜಾನಿಂದ ಒಂದು ಮಾತಾಡಿರಲಿಲ್ಲ. ಮೂಕ ಇರಬೇಕು ಅಂತ ನಾ ತಿಳದಿದ್ದೆ. ಹುಳ ಅನ್ನೂದು ಕಿವಿಗೆ ಬಿದ್ದದ್ದ ತಡ, ಅಂಗಡ್ಯಾಗ ಕುಂತ ರೂಢಿ ನೋಡ್ರಿ, ಥಟ್ಟನ ಅಂದ, "ಅದಕ್ಕ ನಮ್ಮಲ್ಲಿ ಎಣ್ಣಿ ಐತ್ರಿ. ಒಂದು ಲೀಟರ್ ನೀರಿಗೆ ಎರಡು ಮಿಲಿ."

ಕಾಕಾ ಹಣಿ ಬಡಕೊಂಡ. ಆಮ್ಯಾಲ ಹುಡುಗೀನ ಭಾವಿ ಕಡೆ ಕರದು ಮೆಲ್ಲಕ ಕೇಳಿದ. ನಾ ಭಾವಿ ನೀರು ನೋಡೋ ನೆವದಾಗ ಹಿಂದ ನಿಂತಿದ್ದೆ.

"ನೀ ಕೆಮಿಸ್ಟ್ರಿನೂ ಓದೀದಿ ಅಲ್ಲವಾ? ಆ ಕಡೀ ಸಾಲು ಅಷ್ಟ ಕರಗೂ ಹಂಗ ಏನರ ಹಚ್ಚಾಕ ಬರತೈತೇನು?"

"ಬರತೈತ್ರಿ" ಅಂದ್ಲು ಹುಡುಗಿ. "ಆದ್ರ ಊರ ಮಂದಿ ಕೇಳಿಸಿಕೊಂಡಾರಲ್ಲ, ಅವರಿಗೆ ಏನ್ ಹಚ್ಚೂದ್ರಿ?"

ಕಾಕಾ ಜೀಪು ಹತ್ತಿದ. ಇಂಥಾ ಹುಡುಗಿ ಮನಿಗೆ ಬಂದ್ರ ಹೊಸಲಿನೂ ಓದತಾಳ ಅಂತ ಗೊಣಗಕೋತ ಹೋದ. ಹಣ್ಣು, ಕಾಯಿ, ಸೀರಿ ಎಲ್ಲಾ ಅವರ ಜೋಡಿ ಹೊಳ್ಳಿ ಹೋದ್ವು. ನಿಂಬಿಹಣ್ಣಿನ ಬುಟ್ಟಿ ಒಂದು ಗದ್ದಲದಾಗ ಇಳದಿತ್ತು, ಅದನ್ನ ನಾ ತಂದೆ. ಊರಿನವರು ಮಾತ್ರ ಹುಡುಗಿಗೆ ಎಳನೀರು ಕುಡಿಸಿ, ಕೆರಿ ಹೊಲದ ಮಾತು ಪಂಚಾಯ್ತಿಗೆ ಇಡತೀವಿ, ನೀ ಬಂದು ಮತ್ತೊಮ್ಮೆ ಓದಿ ಹೇಳಬೇಕವಾ ಅಂದು ಬಸ್ಸಿಗೆ ಹತ್ತಿಸಿದ್ರು.

ಮನಿಗೆ ಬಂದ ಮ್ಯಾಲ ಅವರಪ್ಪ, ಆ ತೂಕದ ಮನಿಷಾ, ಆ ಮಸಿ ಕಾಗದಾ ಹಾಸಗೊಂಡು ಮಗಳ ಮುಂದ ಕುಂತ. ಓದು ಅಂದ. ಓದಿದ್ಲು. ಇನ್ನೊಮ್ಮೆ ಓದು ಅಂದ. ಮರುದಿನ ಗಿರಣ್ಯಾಗ ಚೀಲ ತೂಗಕೋತ ಮಂದಿಗೆಲ್ಲಾ ಹೇಳಿದನಂತ, ನನ್ನ ಮಗಳು ಎಂ.ಎ.ಗೆ ಹೋಗ್ತಾಳ, ಹಿಸ್ಟರಿ, ಅಂತ.

ತಾಯಿ ಮಾತ್ರ ಆ ದಿನ ಅಡಗಿ ಮಾಡಲಿಲ್ಲ. ಸಂಜಿ ಮುಂದ ಬಾಗಲಾ ತಗದು ನೆಟ್ಟಗ ನನ್ನ ಕಟ್ಟಿ ಕಡೆ ಬಂದ್ಲು. ಬೈತಾಳ ಅಂತ ಗೊತ್ತಿತ್ತು. ನಾನೂ ಬಾಯಾಗಿನ ಎಲಿ ಉಗುಳಿ ತಯಾರಾಗಿ ಕುಂತೆ. ಓಣಿಯವರೂ ಒಂದೊಂದು ಕೆಲಸಾ ಹಿಡಕೊಂಡು ಹೊರಗ ಬಂದ್ರು. ಆಕಿ ಬೈಲಿಲ್ಲ. ನನ್ನ ಎದುರಿಗೆ ನಿಂತು, ಸೊಂಟದ ಮ್ಯಾಲ ಕೈ ಇಟಗೊಂಡು, ಎಲ್ಲಾರಿಗೂ ಕೇಳೂ ಹಂಗ ಮಾರಿ ಮ್ಯಾಲನ ಅಂದ್ಲು:

"ದೊಡ್ಡವ್ವ, ನೀ ಸತ್ತ ಮ್ಯಾಲ ನಿನ್ನ ಮಣ್ಣಿನ ಮ್ಯಾಲ ಒಂದು ಛಲೋ ಕಲ್ಲು ನಾನ ನಿಂದರಸ್ತೀನಿ. ಆದ್ರ ಒಂದಕ್ಷರಾನೂ ಕೆತ್ತಿಸೂದಿಲ್ಲ. ಕೆತ್ತಿಸಿದ್ರ ಅದು ಮಾತಾಡತೈತಿ, ನನಗ ಇನ್ನೊಬ್ಬಾಕಿ ಮಗಳು ಮದುವಿಗೆ ಅದಾಳ."